ಬೇರಿಗಂಟಿದ ಮಣ್ಣು

ರಾತ್ರಿ ಒಂಬತ್ತೂವರೆಗೆ ಬಾಮೈದನ ಫೋನು. ಶಿಡ್ಲಘಟ್ಟ ತಾಲ್ಲೂಕಿನ ಅವರ ಊರಿನಲ್ಲಿ ಆ ಹೊತ್ತಿಗೆ ಹುಳುಮನೆಗೆ ಕೊನೆಯ ಸೊಪ್ಪು ಹಾಕಿ ಎಲ್ಲರೂ ಮಲಗಿರುತ್ತಾರೆ. "ಭಾವ, ಸ್ಟೆಮ್ ಸೆಲ್ ಹಾಕ್ಸಿದ್ರೆ ಅಪ್ಪನ ಹಾರ್ಟು ಮತ್ತೆ ಹೊಸದಾಗುತ್ತಂತೆ. ಬೆಂಗಳೂರಲ್ಲಿ ಒಂದು ಕಡೆ ಮಾಡ್ತಾರಂತೆ. ಮೂರೂವರೆ ಲಕ್ಷ ಕೇಳ್ತಾರೆ. ರಸ್ತೆ ಪಕ್ಕದ ಅರ್ಧ ಎಕರೆ ಕೊಟ್ಬಿಡೋಣ ಅಂತಿದೀನಿ. ನೀವೇನಂತೀರ?"

"ಬೇಡ" ಅಂದೆ.

ಆ ಕಡೆಯಿಂದ ಸ್ವಲ್ಪ ಹೊತ್ತು ಮಾತಿಲ್ಲ. ಅಪ್ಪನಿಗಾಗಿ ಹಿಪ್ಪುನೇರಳೆ ತೋಟ ಮಾರಲು ಹೊರಟವನಿಗೆ ಒಂದೇ ಪದದಲ್ಲಿ ಉತ್ತರ ಕೊಟ್ಟದ್ದು ನನಗೂ ಸರಿ ಕಾಣಲಿಲ್ಲ. ನಾನು ವೈದ್ಯನಲ್ಲ. ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಪಾಠ ಮಾಡಿ ನಿವೃತ್ತನಾಗಿ, ಈಗ ಕಳವಾರದಲ್ಲಿ ಸ್ಕಂದಗಿರಿಯ ಬುಡದಲ್ಲಿ ಕೂತು ಸಿಕ್ಕಿದ್ದನ್ನೆಲ್ಲ ಓದುವವನು. ಅವತ್ತು ಕೊಡಬೇಕಾಗಿದ್ದ ಉದ್ದನೆಯ ಉತ್ತರವನ್ನು ಈಗ ಬರೆಯುತ್ತಿದ್ದೇನೆ. ಇದನ್ನು ಬರೆಯಲು ಇನ್ನೊಂದು ಕಾರಣವೂ ಇದೆ. ಅವನಿಗೆ ಯಾರೋ ಮಾರಲು ಹೊರಟ ಸುಳ್ಳಿನ ಒಳಗೆ ಒಂದು ನಿಜವಾದ ವಿಜ್ಞಾನವೂ ಸಿಕ್ಕಿಹಾಕಿಕೊಂಡಿದೆ. ಸುಳ್ಳಿನ ಜೊತೆ ಅದನ್ನೂ ತಿಪ್ಪೆಗೆ ಎಸೆದರೆ ನಷ್ಟ ನಮಗೇ.

ಮಾವನವರಿಗೆ ಹಿಂದಿನ ವರ್ಷ ಹೃದಯಾಘಾತವಾಗಿತ್ತು. ನಮ್ಮ ಕಡೆ ಎಲ್ಲ ಮನೆಗಳಲ್ಲೂ ಆಗುವಂತೆ ಮೊದಲು ಅದು 'ಗ್ಯಾಸು' ಆಯಿತು. ಸೋಡ ಕುಡಿಸಿದರು, ಬೆನ್ನು ನೀವಿದರು, ಬೆಳಗಾಗಲಿ ಎಂದು ಕಾದರು. ಬೆಳಗಾಗುವಷ್ಟರಲ್ಲಿ ಹೃದಯದ ಒಂದು ಭಾಗ ಸತ್ತಿತ್ತು. ಮನುಷ್ಯನ ಎಡ ಹೃತ್ಕುಕ್ಷಿಯಲ್ಲಿ ಇನ್ನೂರರಿಂದ ನಾನೂರು ಕೋಟಿ ಸ್ನಾಯುಕೋಶಗಳಿರುತ್ತವೆ. ಒಂದು ದೊಡ್ಡ ಆಘಾತದಲ್ಲಿ ಕೆಲವೇ ಗಂಟೆಗಳಲ್ಲಿ ನೂರು ಕೋಟಿಯಷ್ಟು ಕೋಶಗಳು ಸಾಯಬಹುದು. ಚರ್ಮ ಕೊಯ್ದರೆ ಚರ್ಮ ಬೆಳೆಯುತ್ತದೆ, ಮೂಳೆ ಮುರಿದರೆ ಕೂಡುತ್ತದೆ. ಹೃದಯಕ್ಕೆ ಆ ಭಾಗ್ಯ ಇಲ್ಲ. 2009ರಲ್ಲಿ ಸ್ಟಾಕ್‌ಹೋಮಿನ ಯೋನಾಸ್ ಫ್ರಿಸೇನ್ ಅವರ ತಂಡ ಇದನ್ನು ಒಂದು ಜಾಣ ಉಪಾಯದಿಂದ ಅಳೆಯಿತು. ಐವತ್ತು–ಅರವತ್ತರ ದಶಕಗಳ ಅಣುಬಾಂಬ್ ಪರೀಕ್ಷೆಗಳು ಗಾಳಿಗೆ ಬಿಟ್ಟ ಕಾರ್ಬನ್-14 ಆ ಕಾಲದಲ್ಲಿ ಹುಟ್ಟಿದ ಪ್ರತಿಯೊಂದು ಕೋಶದ ಡಿಎನ್ಎಯಲ್ಲೂ ಹುಟ್ಟಿದ ತಾರೀಖಿನ ಮೊಹರಿನಂತೆ ಕೂತಿದೆ. ಆ ಮೊಹರನ್ನು ಓದಿದಾಗ, ಇಪ್ಪತ್ತೈದರ ವಯಸ್ಸಿನಲ್ಲಿ ವರ್ಷಕ್ಕೆ ನೂರಕ್ಕೆ ಒಂದು ಹೃದಯಕೋಶ ಹೊಸದಾಗುತ್ತದೆ, ಎಪ್ಪತ್ತೈದಕ್ಕೆ ಅದು 0.45ಕ್ಕೆ ಇಳಿಯುತ್ತದೆ ಎಂದು ಗೊತ್ತಾಯಿತು. ಹೊಸದಾಗುತ್ತದೆ, ನಿಜ. ಆದರೆ ಒಂದು ರಾತ್ರಿಯಲ್ಲಿ ಹೋದ ನೂರು ಕೋಟಿಯನ್ನು ಈ ವೇಗದಲ್ಲಿ ತುಂಬಿಸಲು ಒಂದು ಜನ್ಮ ಸಾಲದು. ಸತ್ತ ಜಾಗದಲ್ಲಿ ನಾರಿನ ಗಾಯಕಲೆ ಕಟ್ಟುತ್ತದೆ. ಅದು ಗೋಡೆ ಒಡೆಯದಂತೆ ತಡೆಯುತ್ತದೆ, ಬಡಿಯುವುದಿಲ್ಲ. ಮಿಕ್ಕ ಸ್ನಾಯು ಅದರ ಪಾಲಿನ ಕೆಲಸವನ್ನೂ ಹೊತ್ತು ಹಿಗ್ಗುತ್ತ ಸೋಲುತ್ತ ಹೋಗುತ್ತದೆ. ಮಾವ ಈಗ ನಾಲ್ಕು ಮೆಟ್ಟಿಲು ಹತ್ತಿ ಕಂಬ ಹಿಡಿದುಕೊಳ್ಳುವುದು ಅದಕ್ಕೇ.

ಇಂಥ ಹೃದಯಕ್ಕೆ ಹೊಸ ಕೋಶ ಹಾಕಿದರೆ? ಎಳೆಯ ಮಗುವೂ ಕೇಳಬಹುದಾದ ಪ್ರಶ್ನೆ. 2001ರಲ್ಲಿ ಪಿಯೆರೊ ಅನ್ವೆರ್ಸ ಮತ್ತು ಸಂಗಡಿಗರು ಇಲಿಯ ಮೂಳೆಮಜ್ಜೆಯ ಕೋಶ ಚುಚ್ಚಿದರೆ ಸತ್ತ ಹೃದಯಸ್ನಾಯು ಮತ್ತೆ ಬೆಳೆಯುತ್ತದೆ ಎಂದು ಪ್ರಕಟಿಸಿದಾಗ ಜಗತ್ತು ನಿಂತಲ್ಲೇ ಕುಣಿಯಿತು. ಒಂದೆರಡು ವರ್ಷಗಳಲ್ಲೇ ಅದು ರೋಗಿಗಳವರೆಗೂ ಬಂತು. ಆದರೆ 2004ರಲ್ಲಿ ಬೇರೆ ಎರಡು ತಂಡಗಳು ಅದೇ ಪ್ರಯೋಗವನ್ನು ಮಾಡಿ ನೋಡಿದಾಗ ಮಜ್ಜೆಯ ಕೋಶ ಹೃದಯಸ್ನಾಯುವಾಗಲೇ ಇಲ್ಲ. ಕೊನೆಗೆ 2018ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯ ಅನ್ವೆರ್ಸ ಅವರ ಪ್ರಯೋಗಾಲಯದಿಂದ ಬಂದ 31 ಪ್ರಬಂಧಗಳನ್ನು ಹಿಂತೆಗೆದುಕೊಳ್ಳಬೇಕೆಂದು ನಿಯತಕಾಲಿಕಗಳಿಗೆ ತಿಳಿಸಿತು. ಯುರೋಪಿನಲ್ಲಿ ಮೂರು ಸಾವಿರ ಜನರ ಮೇಲೆ ನಡೆಯಬೇಕಿದ್ದ ಮಜ್ಜೆಕೋಶದ ಪ್ರಯೋಗಕ್ಕೆ ಸಿಕ್ಕವರು 375 ಜನ. 2020ರಲ್ಲಿ ಬಂದ ಅದರ ಫಲಿತಾಂಶದಿಂದ ಹೌದು ಎನ್ನಲೂ ಆಗಲಿಲ್ಲ, ಇಲ್ಲ ಎನ್ನಲೂ ಆಗಲಿಲ್ಲ. ನಮ್ಮ ಬೆಂಗಳೂರಿನಲ್ಲೇ ನೆಲೆಯಿರುವ ಸ್ಟೆಂಪ್ಯೂಟಿಕ್ಸ್ ಕಂಪನಿ ಹೃದಯಾಘಾತವಾದ 20 ಜನರ ಮೇಲೆ ಮಾಡಿದ ಪ್ರಯೋಗ 2015ರಲ್ಲಿ ಪ್ರಕಟವಾಯಿತು. ರಕ್ತನಾಳದ ಮೂಲಕ ಕೋಶ ಕೊಡುವುದು ಸುರಕ್ಷಿತ ಎಂದು ತೋರಿತು, ಹೃದಯಕ್ಕೆ ಸ್ಪಷ್ಟ ಲಾಭ ತೋರಲಿಲ್ಲ. ಪ್ರಯೋಗ ಎಂದರೆ ಹೀಗೆ. ತೋರಿದ್ದನ್ನು ಹೇಳಬೇಕು, ತೋರದ್ದನ್ನೂ ಹೇಳಬೇಕು. ಬಾಮೈದನಿಗೆ ಮೂರೂವರೆ ಲಕ್ಷದ ಲೆಕ್ಕ ಹೇಳಿದವರು ಇದ್ಯಾವುದನ್ನೂ ಹೇಳಿರಲಿಲ್ಲ.

ಇಲ್ಲಿ ನಮ್ಮ ಗೌರಿಬಿದನೂರಿನ ಒಬ್ಬರು ನೆನಪಾಗದೆ ಇರುವುದಿಲ್ಲ. ಹೊಸೂರಿನಲ್ಲಿ 1920ರಲ್ಲಿ ಹುಟ್ಟಿದ ಎಚ್. ನರಸಿಂಹಯ್ಯ, ನಮಗೆಲ್ಲ 'ಎಚ್ಚೆನ್', ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, 1976ರಲ್ಲಿ, ಪವಾಡಗಳನ್ನೂ ಮೂಢನಂಬಿಕೆಗಳನ್ನೂ ಪರೀಕ್ಷಿಸಲು ಒಂದು ಸಮಿತಿ ಮಾಡಿದರು. ನಿಮ್ಮ ಪವಾಡವನ್ನು ನಮ್ಮ ಷರತ್ತಿನಲ್ಲಿ ಮಾಡಿ ತೋರಿಸಿ ಎಂದು ಸತ್ಯಸಾಯಿ ಬಾಬಾ ಅವರಿಗೆ ಪತ್ರ ಬರೆದರು. ಬೈದವರು ಬೈದರು. ನಾನು ಎಚ್ಚೆನ್ ಪಕ್ಷದವನು. ಆದರೂ ನ್ಯಾಯವಾಗಿ ಹೇಳಬೇಕು: ಅದೇ ಬಾಬಾ ಹೆಸರಿನಲ್ಲಿ 2001ರಲ್ಲಿ ವೈಟ್‌ಫೀಲ್ಡಿನಲ್ಲಿ ಶುರುವಾದ ಆಸ್ಪತ್ರೆಯಲ್ಲಿ ಬಿಲ್ಲಿಲ್ಲದೆ ಹೃದಯದ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಬಂದವರು ನಮ್ಮ ಜಿಲ್ಲೆಯಲ್ಲಿ ಊರಿಗೊಬ್ಬರಾದರೂ ಸಿಗುತ್ತಾರೆ. ಪವಾಡವೇ ಬೇರೆ, ಆಸ್ಪತ್ರೆಯೇ ಬೇರೆ. ಈಗಿನ ತೊಂದರೆ ಎಂದರೆ ಪವಾಡ ಬಿಳಿ ಕೋಟು ಹಾಕಿಕೊಂಡು ಆಸ್ಪತ್ರೆಯೊಳಗೇ ಬಂದು ಕೂತಿದೆ. ಷರತ್ತು ಕೇಳುವ ಎಚ್ಚೆನ್ ಇಲ್ಲ.

ಕೋಶ ಚುಚ್ಚಿದರೂ ಹೃದಯ ಏಕೆ ಚಿಗುರಲಿಲ್ಲ? ಕಾರಣಗಳು ಹಲವು. ಅವುಗಳಲ್ಲಿ ಒಂದು ಎಷ್ಟು ಸರಳ ಎಂದರೆ, ಅದನ್ನು ಮೊದಲೇ ಕೇಳದೆ ಹೋದದ್ದು ಆಶ್ಚರ್ಯ. ಚುಚ್ಚಿದ ಕೋಶಗಳು ಹೋದವೆಲ್ಲಿಗೆ? ಹುಡುಕಿ ನೋಡಿದಾಗ ಬಹುತೇಕ ಪ್ರಯೋಗಗಳಲ್ಲಿ ಒಂದೆರಡು ದಿನದೊಳಗೆ ಹತ್ತಕ್ಕೆ ಒಂಬತ್ತು ಪಾಲು ಕೋಶಗಳು ಹೃದಯದಲ್ಲಿ ಇರಲೇ ಇಲ್ಲ. ದಿನಕ್ಕೆ ಲಕ್ಷ ಸಲ ಹಿಂಡಿಕೊಳ್ಳುವ ಸ್ನಾಯುವಿನೊಳಗೆ ಉಪ್ಪುನೀರಿನಲ್ಲಿ ತೇಲಿಸಿದ ಕೋಶಗಳನ್ನು ಬಿಟ್ಟರೆ, ಸೂಜಿ ಹೋದ ದಾರಿಯಲ್ಲೇ ಒಂದಷ್ಟು ವಾಪಸ್ಸು ಬರುತ್ತವೆ, ರಕ್ತನಾಳ ಹಿಡಿದು ಇನ್ನಷ್ಟು ಶ್ವಾಸಕೋಶಕ್ಕೆ ಕೊಚ್ಚಿಹೋಗುತ್ತವೆ. ಉಳಿದವಕ್ಕೆ ಉರಿಯೂತದ ಬಿಸಿ, ರಕ್ತ ಬರದ ಬರಗಾಲ. ಇನ್ನೊಂದು ವಿಚಿತ್ರವೂ ಇದೆ. ಸ್ನಾಯುಕೋಶದಂಥವು ಏನನ್ನಾದರೂ ಹಿಡಿದುಕೊಂಡೇ ಬದುಕಬೇಕು. ಕೈಗೆ ಹಿಡಿ ಸಿಗದಿದ್ದರೆ ಅವು ತಾವಾಗಿಯೇ ಸಾಯುತ್ತವೆ.

ನಮ್ಮ ಕಡೆಯ ರೈತರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಮೊದಲು ಟೊಮೆಟೊ ಸಸಿಯನ್ನು ಒಟ್ಟಲುಪಾತಿಯಿಂದ ಕಿತ್ತು, ಬೇರು ಬರಿದು ಮಾಡಿ, ಗೋಣಿಯಲ್ಲಿ ಸುತ್ತಿ ತಂದು ನೆಡುತ್ತಿದ್ದರು. ಬಿಸಿಲಿಗೆ ಎಷ್ಟೋ ಬಾಡುತ್ತಿದ್ದವು. ಈಗ ಚಿಕ್ಕಬಳ್ಳಾಪುರದ ಸುತ್ತ ಎಲ್ಲಿ ನೋಡಿದರೂ ನೆರಳುಪರದೆಯ ನರ್ಸರಿ, ಒಳಗೆ ಸಾಲು ಸಾಲು ಪ್ರೋಟ್ರೇ. ತೆಂಗಿನ ನಾರಿನ ಪುಡಿಯಲ್ಲಿ ಎದ್ದ ಸಸಿಯನ್ನು ಎತ್ತಿದರೆ ಬೇರಿನ ಸುತ್ತ ಪುಟ್ಟ ಗೋಪುರದಂತೆ ಆ ಪುಡಿಯೂ ಬರುತ್ತದೆ. ಅದನ್ನು ಹಾಗೇ ಗುಣಿಗೆ ಇಳಿಸಿದರೆ ಸಸಿಗೆ ಜಾಗ ಬದಲಾದದ್ದೇ ಗೊತ್ತಾಗುವುದಿಲ್ಲ. ಸಸಿ ಅದೇ, ಹೊಲ ಅದೇ. ಬದಲಾದದ್ದು ಬೇರಿಗಂಟಿದ ಆ ಒಂದು ಹಿಡಿ ಪುಡಿ.

ಹೃದಯಕ್ಕೆ ಚುಚ್ಚುವ ಹೈಡ್ರೋಜೆಲ್ ಎಂದರೆ ಕೋಶದ ಬೇರಿಗೆ ಅಂಟಿಸಿ ಕಳಿಸುವ ಪುಡಿ. ಹೆಸರು ದೊಡ್ಡದು, ವಸ್ತು ಮನೆಯಲ್ಲೇ ಇದೆ. ನೀರಿಗೆ ಹಾಕಿದ ಕಾಮಕಸ್ತೂರಿ ಬೀಜದ ಸುತ್ತ ಕಟ್ಟುವ ಲೋಳೆ, ಲೋಳೆಸರದ ಒಳತಿರುಳು, ಎಲ್ಲವೂ ಅದೇ: ಉದ್ದುದ್ದ ಅಣುಗಳ ಬಲೆ, ಬಲೆಯ ಕಣ್ಣುಗಳಲ್ಲಿ ಹಿಡಿದಿಟ್ಟ ನೀರು. ಮೆದುವಾದ ಕಾಂಟ್ಯಾಕ್ಟ್ ಲೆನ್ಸಿಗೆ ದಾರಿಯಾದ ಜೆಲ್ಲನ್ನು ಚೆಕ್ ದೇಶದ ಓಟೊ ವಿಖ್ಟರ್ಲೆ ಮತ್ತು ಡ್ರಾಹೋಸ್ಲಾವ್ ಲಿಮ್ 1960ರಲ್ಲಿ ವರ್ಣಿಸಿದ್ದರು. ಹೃದಯಕ್ಕೆ ಬೇಕಾದ ಜೆಲ್ಲಿನ ಮೇಲೆ ಎರಡು ಎದುರುಬದುರು ಬೇಡಿಕೆಗಳಿವೆ. ಸೂಜಿಯಲ್ಲಿ ಅದು ನೀರಾಗಿರಬೇಕು, ಒಳಗೆ ಹೋದ ಕೂಡಲೇ ಗಟ್ಟಿಯಾಗಬೇಕು. ತಡವಾದರೆ ತೊಳೆದುಹೋಗುತ್ತದೆ, ಬೇಗ ಆದರೆ ಸೂಜಿಯಲ್ಲೇ ಕಟ್ಟಿಕೊಳ್ಳುತ್ತದೆ. ಮೈಯ ಶಾಖಕ್ಕೆ ಕಟ್ಟುವ ಜೆಲ್ಲುಗಳಿವೆ. ಕಡಲಪಾಚಿಯಿಂದ ತೆಗೆದ ಆಲ್ಜಿನೇಟ್ ಕ್ಯಾಲ್ಸಿಯಂ ಸಿಕ್ಕಲ್ಲಿ ಕಟ್ಟುತ್ತದೆ. ಇನ್ನು ಗಡಸು ಎಷ್ಟಿರಬೇಕು ಎಂಬುದೂ ಸಣ್ಣ ಮಾತಲ್ಲ. ಆರೋಗ್ಯವಂತ ಹೃದಯದಷ್ಟೇ ಮೆತ್ತಗಿನ ಹಾಸಿನ ಮೇಲೆ ಹೃದಯಕೋಶಗಳು ಚೆನ್ನಾಗಿ ಬಡಿಯುತ್ತವೆ, ಗಾಯಕಲೆಯಷ್ಟು ಗಟ್ಟಿ ಹಾಸಿನ ಮೇಲೆ ತಾಳ ತಪ್ಪಿ ಸುಮ್ಮನಾಗುತ್ತವೆ ಎಂದು ಅಮೆರಿಕದ ಆಡಮ್ ಎಂಗ್ಲರ್ ಮತ್ತು ಸಂಗಡಿಗರು 2008ರಲ್ಲಿ ತೋರಿಸಿದರು. ಕೋಶಕ್ಕೆ ಕಣ್ಣಿಲ್ಲದಿದ್ದರೂ ಕಾಲಡಿಯ ನೆಲ ಗೊತ್ತಾಗುತ್ತದೆ.

ಇಷ್ಟೆಲ್ಲ ಓದುವಾಗ ನನಗೆ ಪದೇ ಪದೇ ಕಣ್ಣಮುಂದೆ ಬಂದದ್ದು ಮಾವನ ಮನೆಯಲ್ಲಿ ಹುಳು ಗೂಡು ಕಟ್ಟುವ ಚಂದ್ರಿಕೆ. ಹಣ್ಣಾದ ಹುಳು ತಲೆ ಎತ್ತಿ ಎಂಟರ ಆಕಾರದಲ್ಲಿ ಆಡಿಸುತ್ತ ನೂಲು ಬಿಡುವುದನ್ನು ನಮ್ಮ ಮಕ್ಕಳೆಲ್ಲ ನೋಡಿದ್ದಾರೆ. ಹುಳುವಿನ ಹೊಟ್ಟೆಯಲ್ಲಿ ರೇಷ್ಮೆ ನೂಲಾಗಿರುವುದಿಲ್ಲ, ಮಂದವಾದ ದ್ರವವಾಗಿರುತ್ತದೆ. ಕಿರಿದಾದ ನಾಳದಲ್ಲಿ ಜಗ್ಗಿ ಬರುವಾಗ, ಹುಳಿಯ ಪ್ರಮಾಣ ಬದಲಾಗುತ್ತ, ಅಣುಗಳು ಒಂದರ ಮೇಲೊಂದು ಮಡಿಸಿಕೊಂಡು ಗಟ್ಟಿಯಾಗುತ್ತವೆ. ಒಳಗೆ ದ್ರವ, ಹೊರಗೆ ಘನ. ಜೆಲ್ ಮಾಡುವವರು ಸೂಜಿಗೆ ಕಲಿಸಲು ಹೆಣಗುತ್ತಿರುವುದನ್ನು ಹುಳು ಕೋಟ್ಯಂತರ ವರ್ಷಗಳಿಂದ ಬಾಯಲ್ಲಿ ಮಾಡುತ್ತಿದೆ. ಇದನ್ನೇ ತಿರುಗಿಸಿ, ಗೂಡಿನಿಂದ ಸೆರಿಸಿನ್ ಅಂಟನ್ನು ಬೇಯಿಸಿ ತೆಗೆದು, ಉಳಿದ ಫೈಬ್ರೋಯಿನ್ ಪ್ರೋಟೀನನ್ನು ಉಪ್ಪಿನ ದ್ರಾವಣದಲ್ಲಿ ಕರಗಿಸಿ, ಮತ್ತೆ ನೀರಿಗೆ ತಂದರೆ ರೇಷ್ಮೆಯ ದ್ರವ ಸಿಗುತ್ತದೆ. ಅದಕ್ಕೆ ಶ್ರವಣಾತೀತ ಕಂಪನ ಕೊಟ್ಟರೆ ಬೇಕೆಂದ ಹೊತ್ತಿಗೆ ಜೆಲ್ ಆಗುವಂತೆ ಮಾಡಬಹುದು ಎಂದು ಅಮೆರಿಕದ ಟಫ್ಟ್ಸ್ ವಿಶ್ವವಿದ್ಯಾಲಯದ ಡೇವಿಡ್ ಕಪ್ಲಾನ್ ಅವರ ತಂಡ 2008ರಲ್ಲಿ ಬರೆಯಿತು. ರೇಷ್ಮೆದಾರದಲ್ಲಿ ಗಾಯ ಹೊಲಿಯುವುದು ವೈದ್ಯಕ್ಕೆ ಹಳೆಯ ಪರಿಚಯ. ಹಾಗಾಗಿ ದೇಹಕ್ಕೂ ಅದು ತೀರಾ ಹೊಸಬನಲ್ಲ.

ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯಲ್ಲಿ ನಿಂತು ಇದನ್ನು ಹೇಳಿದರೆ ಎದೆ ಉಬ್ಬೀತು. ಸ್ವಲ್ಪ ತಡೆಯಿರಿ. ಐಐಟಿ ಖರಗ್ಪುರದ ಎಸ್.ಸಿ. ಕುಂಡು ಮತ್ತು ಜರ್ಮನಿಯ ಫೆಲಿಕ್ಸ್ ಎಂಗೆಲ್ ಅವರ ತಂಡಗಳು ಸೇರಿ 2012ರಲ್ಲಿ ಪ್ರಕಟಿಸಿದ ಕೆಲಸವೊಂದಿದೆ. ಎಳೆ ಇಲಿಗಳ ಹೃದಯಕೋಶಗಳನ್ನು ರೇಷ್ಮೆ ಪ್ರೋಟೀನಿನ ಹಂದರದ ಮೇಲೆ ಬೆಳೆಸಿ ನೋಡಿದ ಪ್ರಯೋಗ ಅದು. ಗೆದ್ದದ್ದು ಹಿಪ್ಪುನೇರಳೆ ತಿನ್ನುವ ನಮ್ಮ ಹುಳುವಿನ ರೇಷ್ಮೆಯಲ್ಲ, ಕಾಡಿನ ಟಸ್ಸಾರ್. ಕಾರಣ, ಟಸ್ಸಾರ್ ಪ್ರೋಟೀನಿನಲ್ಲಿ ಕೋಶಗಳು ಹಿಡಿದುಕೊಳ್ಳಬಲ್ಲ ಮೂರು ಅಮೈನೊ ಆಮ್ಲಗಳ ಒಂದು ಕೊಕ್ಕೆ ಸಹಜವಾಗಿಯೇ ಇದೆ. ನಮ್ಮದರಲ್ಲಿ ಅದಿಲ್ಲ, ಬೇಕಾದರೆ ಹೊರಗಿನಿಂದ ಕೂಡಿಸಬೇಕು. ಟಸ್ಸಾರ್ ಹುಳು ತಿನ್ನುವುದು ಮತ್ತಿ ಮರದ ಎಲೆ. ಹೊಳೆಮತ್ತಿಯ ತೊಗಟೆ ಹೃದಯಕ್ಕೆ ಒಳ್ಳೆಯದೆಂದು ನಾಟಿವೈದ್ಯ ಹೇಳುತ್ತದೆ. ಇದು ಬರೀ ಕಾಕತಾಳೀಯ, ದಯವಿಟ್ಟು ಯಾರೂ ವಾಟ್ಸಾಪಿಗೆ ಹಾಕಬೇಡಿ. ಇನ್ನೂ ಒಂದು ಮಾತು: ಅದು ಪಾತ್ರೆಯೊಳಗಿನ ಹಂದರ, ಮನುಷ್ಯನ ಎದೆಗೆ ಚುಚ್ಚಿದ ಜೆಲ್ ಅಲ್ಲ.

ಮನುಷ್ಯನ ಎದೆಯವರೆಗೆ ಬಂದ ಜೆಲ್ಲುಗಳ ಕಥೆ ಇನ್ನೂ ಎಡವುತ್ತಲೇ ಇದೆ. ಆಲ್ಜಿನೇಟ್ ಜೆಲ್ಲನ್ನು ಎದೆ ತೆರೆದು ಹೃದಯದ ಗೋಡೆಗೆ ಚುಚ್ಚಿದ ಪ್ರಯೋಗದಲ್ಲಿ 78 ಜನರಿದ್ದರು. ಜೆಲ್ ಪಡೆದವರ ದಮ್ಮು ಸುಧಾರಿಸಿತು, ಆದರೆ ಶಸ್ತ್ರಚಿಕಿತ್ಸೆಯಾದ 35 ಜನರಲ್ಲಿ 3 ಮಂದಿ ಮೂವತ್ತು ದಿನಗಳೊಳಗೆ ತೀರಿಕೊಂಡರು. ಅದೇ ಜಾತಿಯ ಪದಾರ್ಥವನ್ನು ರಕ್ತನಾಳದ ಮೂಲಕ ಕೊಟ್ಟ 303 ಜನರ ಪ್ರಯೋಗ 2016ರಲ್ಲಿ ಪ್ರಕಟವಾಯಿತು. ಹೃದಯ ಹಿಗ್ಗುವುದನ್ನು ಅದು ತಡೆಯಲಿಲ್ಲ. ಹಂದಿಯ ಹೃದಯದಿಂದ ಕೋಶಗಳನ್ನೆಲ್ಲ ತೊಳೆದು ಉಳಿದ ಹಂದರವನ್ನು ಜೆಲ್ ಮಾಡಿದವರು ಕ್ಯಾಲಿಫೋರ್ನಿಯಾದ ಕರೆನ್ ಕ್ರಿಸ್ಟ್‌ಮನ್. ಅದನ್ನು 15 ಜನರಿಗೆ ಚುಚ್ಚಿದ ವರದಿ 2019ರಲ್ಲಿ ಬಂತು. ಅಪಾಯ ಕಾಣಲಿಲ್ಲ, ಹೋಲಿಸಿ ನೋಡಲು ಬೇರೆ ಗುಂಪೂ ಇರಲಿಲ್ಲ. ಈ ಮೂರರಲ್ಲೂ ಕೋಶವೇ ಇಲ್ಲ, ಬರೀ ಜೆಲ್. ಕೋಶ ಮತ್ತು ಜೆಲ್ ಎರಡನ್ನೂ ಕೂಡಿಸಿದ್ದು ಚೀನಾದ ನಾನ್ಜಿಂಗ್ ಪ್ರಯೋಗ, 2020ರದ್ದು. 50 ಜನ ಬೈಪಾಸ್ ರೋಗಿಗಳು, ಹೊಕ್ಕುಳಬಳ್ಳಿಯ ಕೋಶಗಳು, ಕೊಲಾಜೆನ್ ಜೆಲ್. ಕೆಲವರಿಗೆ ಬೈಪಾಸ್ ಮಾತ್ರ, ಕೆಲವರಿಗೆ ಬೈಪಾಸಿನ ಜೊತೆ ಕೋಶ, ಕೆಲವರಿಗೆ ಕೋಶ ಮತ್ತು ಜೆಲ್ ಎರಡೂ. ಮೂರನೆಯ ಗುಂಪಿನಲ್ಲಿ ಗಾಯಕಲೆ ಕಿರಿದಾಯಿತು.

ಆಶೆ ಹುಟ್ಟಿಸುವ ಮಾತೇ. ಆದರೆ ಹೊಲದಲ್ಲಿ ಪ್ರಯೋಗ ನೋಡಿದ ಯಾವ ರೈತನಾದರೂ ಇಲ್ಲಿ ಕೈ ಎತ್ತಬೇಕು. ಹೊಸ ತಳಿ ಮತ್ತು ಹೊಸ ಗೊಬ್ಬರ ಎರಡನ್ನೂ ಹಾಕಿದ ತಾಕಿನಲ್ಲಿ ಇಳುವರಿ ಹೆಚ್ಚಾದರೆ ಕೀರ್ತಿ ಯಾವುದಕ್ಕೆ? ಬರೀ ಗೊಬ್ಬರ ಹಾಕಿದ ತಾಕು ಎಲ್ಲಿ? ನಾನ್ಜಿಂಗಿನಲ್ಲಿ ಬರೀ ಜೆಲ್ ಕೊಟ್ಟ ಗುಂಪು ಇರಲಿಲ್ಲ. ಇದು ನೆಪಕ್ಕೆ ಹುಡುಕಿದ ತಪ್ಪಲ್ಲ. 2004ರಷ್ಟು ಹಿಂದೆಯೇ ಕ್ರಿಸ್ಟ್‌ಮನ್ ಮತ್ತು ಸಂಗಡಿಗರು ಇಲಿಗಳ ಹೃದಯಕ್ಕೆ ಫೈಬ್ರಿನ್ ಅಂಟನ್ನು ಸ್ನಾಯುಕೋಶದ ಜೊತೆಗೊಮ್ಮೆ, ಬರೀ ಅಂಟನ್ನೊಮ್ಮೆ ಚುಚ್ಚಿ ನೋಡಿದಾಗ ಎರಡೂ ಹೃದಯವನ್ನು ಕಾಪಾಡಿದವು. ತೆಳುವಾದ ಗೋಡೆಗೆ ಒಳಗಿನಿಂದ ಗಾರೆ ತುಂಬಿದಂತೆ ಜೆಲ್ಲೇ ಆಸರೆಯಾಗಬಹುದು. ಹಾಗಿದ್ದರೆ ಕೋಶದ ದುಬಾರಿ ಖರ್ಚು ಯಾಕೆ ಎಂದೂ ಕೇಳಬೇಕಾಗುತ್ತದೆ. ನಾಲ್ಕು ತಾಕು ಬೇಕು: ಏನೂ ಇಲ್ಲದ್ದು, ಬರೀ ಕೋಶ, ಬರೀ ಜೆಲ್, ಎರಡೂ. ಇದಕ್ಕಿಂತ ಕಡಿಮೆಯಲ್ಲಿ ನಂಬಿಕೆ ಹುಟ್ಟಬಾರದು.

ಕೋಶ ಉಳಿಯಬಲ್ಲದು ಎಂಬುದಕ್ಕೆ ಮಾತ್ರ ಈಗ ಒಂದು ಕಣ್ಣಾರೆ ಸಾಕ್ಷಿಯಿದೆ. ಜರ್ಮನಿಯ ಗಟಿಂಗನ್‌ನಲ್ಲಿ ಕೊಲಾಜೆನ್ ಜೆಲ್ಲಿನೊಳಗೆ ಬೆಳೆಸಿದ ಹೃದಯಸ್ನಾಯುವಿನ ತೇಪೆಯನ್ನು 46 ವರ್ಷದ ಒಬ್ಬ ಮಹಿಳೆಯ ಹೃದಯಕ್ಕೆ ಹೊಲಿದಿದ್ದರು. ಮೂರು ತಿಂಗಳ ಮೇಲೆ ಅವರಿಗೆ ಹೃದಯ ಕಸಿಯಾದಾಗ ಹಳೆಯ ಹೃದಯವನ್ನು ಕೊಯ್ದು ನೋಡಿದರು. ತೇಪೆಯ ಸ್ನಾಯು ಬದುಕಿತ್ತು. 2025ರ ಜನವರಿಯಲ್ಲಿ ಇದು ಪ್ರಕಟವಾಯಿತು. ಅದು ಚುಚ್ಚುಮದ್ದಲ್ಲ, ಹೊಲಿಗೆ. ಜೊತೆಗೆ, ದೇಹ ಅದನ್ನು ತಿರಸ್ಕರಿಸದಂತೆ ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಮದ್ದು ಬೇಕು. ಹೆಚ್ಚು ಕೋಶ ಉಳಿದಷ್ಟೂ ಇನ್ನೊಂದು ಭಯ ದೊಡ್ಡದಾಗುತ್ತದೆ. ಸಿಯಾಟಲ್‌ನ ಚಾರ್ಲ್ಸ್ ಮರಿ ಅವರ ತಂಡ 2014ರಲ್ಲಿ ಮಂಗಗಳಿಗೆ ನೂರು ಕೋಟಿ ಹೃದಯಕೋಶ ಕೊಟ್ಟಾಗ ಹೊಸ ಸ್ನಾಯು ನೆಲೆಯೂರಿತು, ಜೊತೆಗೆ ಹೃದಯದ ತಾಳವೂ ತಪ್ಪಿತು. ಹೊಸದಾಗಿ ಬಂದವರು ಹಳೆಯ ಭಜನೆಯ ತಾಳಕ್ಕೆ ಹೊಂದಿಕೊಳ್ಳಲು ವಾರಗಟ್ಟಲೆ ಬೇಕು. ಆ ವಾರಗಳಲ್ಲಿ ಪ್ರಾಣ ಹೋಗಬಹುದು. ಜೆಲ್ ಒಂದು ಬಾಗಿಲು ತೆರೆದರೆ ಅದರ ಹಿಂದೆ ಇನ್ನೊಂದು ಮುಚ್ಚಿದ ಬಾಗಿಲಿದೆ.

ಇಷ್ಟಕ್ಕೆ ಒಬ್ಬ ಹಳೆಯ ಗೆಳೆಯ, ರೈತಸಂಘದವನು, ಸಿಡಿದ. "ಮೇಷ್ಟ್ರೆ, ನಮ್ಮೂರಿಗೆ 108 ಬರೋಕೆ ಎಷ್ಟು ಹೊತ್ತಾಗುತ್ತೆ ಗೊತ್ತಲ್ಲ? ಮೊದಲು ಅದನ್ನ ನೋಡ್ಲಿ. ಜೆಲ್ಲು ಆಮೇಲೆ." ಅವನ ಸಿಟ್ಟಿಗೆ ನನ್ನ ಸಹಮತ ಇದೆ, ತರ್ಕಕ್ಕೆ ಇಲ್ಲ. ಹೃದಯಾಘಾತದಲ್ಲಿ ನಾಳವನ್ನು ಕಟ್ಟಿಹಾಕುವ ರಕ್ತದ ಹೆಪ್ಪೂ ಒಂದು ಜೆಲ್ಲೇ, ಫೈಬ್ರಿನ್ ಎಂಬ ದೇಹದ ಸ್ವಂತ ಜೆಲ್. ಅದನ್ನು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದಿಗೆ ಹತ್ತಾರು ಸಾವಿರ ರೂಪಾಯಿ. 2023ರಲ್ಲಿ ಶುರುವಾದ ರಾಜ್ಯದ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ, ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದ ಇಸಿಜಿಯನ್ನು ದೂರದ ತಜ್ಞರು ನಿಮಿಷಗಳಲ್ಲಿ ಓದಿ ಹೇಳುತ್ತಾರೆ, ಆ ಚುಚ್ಚುಮದ್ದನ್ನು ಉಚಿತವಾಗಿ ಕೊಡುತ್ತಾರೆ. ಬೆಂಗಳೂರಿನವರೆಗೆ ಸುಮಾರು 60 ಕಿಲೋಮೀಟರು ಹೆಪ್ಪು ಹೊತ್ತುಕೊಂಡು ಹೋಗಬೇಕಾಗಿಲ್ಲ. ಈ ಹೊತ್ತು ನಮ್ಮ ಜಿಲ್ಲೆಯ ಹೃದಯಗಳಿಗೆ ಇದಕ್ಕಿಂತ ದೊಡ್ಡ ವಿಜ್ಞಾನ ಇನ್ನೊಂದಿಲ್ಲ. ಅವತ್ತು ಸೋಡದ ಬದಲು ಆ ಸೂಜಿ ಸಿಕ್ಕಿದ್ದರೆ ಮಾವನ ಹೃದಯದ ಎಷ್ಟೋ ಪಾಲು ಉಳಿಯುತ್ತಿತ್ತು.

ಆದರೆ ಗೆಳೆಯ ಮರೆತ ಸಂಗತಿಯೊಂದಿದೆ. ಹೆಪ್ಪು ಕರಗಿಸುವ ಮೊದಲ ಸೂಜಿ ಗೆದ್ದಷ್ಟೂ ಜೆಲ್ಲಿನ ಎರಡನೆಯ ಸೂಜಿಯ ಅಗತ್ಯ ಹೆಚ್ಚುತ್ತದೆ. ಹಿಂದೆ ಹೃದಯಾಘಾತವಾದರೆ ಸಾಯುತ್ತಿದ್ದರು. ಈಗ ಬದುಕುತ್ತಾರೆ, ಗಾಯಕಲೆ ಹೊತ್ತ ಹೃದಯದೊಂದಿಗೆ ಹತ್ತು ಹದಿನೈದು ವರ್ಷ ಏದುಸಿರು ಬಿಡುತ್ತಾರೆ. ಕಸಿಗೆ ಹೃದಯಗಳು ಸಾಲುವುದಿಲ್ಲ, ಯಾವ ಕಾಲಕ್ಕೂ ಸಾಲವು. ಬದುಕಿಸಿದ ಮೇಲೆ ಏನು ಎಂಬ ಪ್ರಶ್ನೆಯನ್ನು ಬದುಕಿಸುವ ವ್ಯವಸ್ಥೆಯೇ ಹುಟ್ಟಿಸುತ್ತದೆ. ಎರಡೂ ಪ್ರಶ್ನೆಗಳ ಮೂಲ ಒಂದೇ ಎಂದು ನನಗನ್ನಿಸುವುದು ಇಲ್ಲಿ. ಮದ್ದು ಕಂಡುಹಿಡಿಯುವುದಕ್ಕೆ ಹಾರ ಹಾಕುತ್ತೇವೆ, ತಲುಪಿಸುವುದನ್ನು ಹಮಾಲಿ ಕೆಲಸ ಎಂದುಕೊಳ್ಳುತ್ತೇವೆ. ಇಪ್ಪತ್ತು ವರ್ಷ ಕೋಶದ ಜಾತಿ, ಕುಲ, ಗೋತ್ರ ವಿಚಾರಿಸಿದ ವಿಜ್ಞಾನಿಗಳೂ, ಚುಚ್ಚುಮದ್ದು ಇದ್ದೂ ಆಂಬುಲೆನ್ಸಿಗೆ ಡೀಸೆಲ್ ಇದೆಯೇ ಎಂದು ನೋಡದ ಆಡಳಿತವೂ ಮಾಡಿದ ತಪ್ಪು ಒಂದೇ ಜಾತಿಯದು. ಜೆಲ್ಲಿನ ಸಂಶೋಧಕರು ಆ ಹಮಾಲಿ ಕೆಲಸಕ್ಕೆ ಹೆಗಲು ಕೊಟ್ಟವರು, ಅದಕ್ಕೇ ನನಗೆ ಅವರ ಮೇಲೆ ಗೌರವ.

ಅವರಿಗೆ ದುಡ್ಡು ಯಾರು ಕೊಡಬೇಕು? ನನ್ನ ಉತ್ತರ: ಸರ್ಕಾರ, ನಮ್ಮ ತೆರಿಗೆಯಿಂದ. ಕಂಪನಿಗಳನ್ನೇ ನೆಚ್ಚಿದರೆ ಕೋಶ, ಜೆಲ್, ಕ್ಯಾತಿಟರ್ ಮೂರಕ್ಕೂ ಮೂರು ಪೇಟೆಂಟು ಕೂಡಿ, ಕೊನೆಗೆ ಅದು ಅರ್ಧ ಎಕರೆಗಲ್ಲ, ಹತ್ತು ಎಕರೆಗೂ ಸಿಗದ ವಸ್ತುವಾಗುತ್ತದೆ. ಸಾರ್ವಜನಿಕ ಸಂಸ್ಥೆಗಳು ರೈತನ ಮೈಗೆ ಹತ್ತಿರದ ಕೆಲಸ ಮಾಡಬಲ್ಲವು ಎಂಬುದಕ್ಕೆ ದೂರ ಹೋಗಬೇಕಾಗಿಲ್ಲ. ಚಿಕ್ಕಬಳ್ಳಾಪುರದಿಂದ ಬೆಂಗಳೂರಿಗೆ ಹೋಗುವ ದಾರಿಯಲ್ಲೇ, ನಾವು ಕೃಷಿಮೇಳಕ್ಕೆ ಹೋಗುವ ಜಿಕೆವಿಕೆ ಆವರಣದಲ್ಲೇ, ಇನ್‌ಸ್ಟೆಮ್ ಎಂಬ ಕಾಂಡಕೋಶ (ಸ್ಟೆಮ್ ಸೆಲ್) ವಿಜ್ಞಾನ ಸಂಸ್ಥೆಯಿದೆ. ಅಲ್ಲಿಯ ಪ್ರವೀಣ್ ಕುಮಾರ್ ವೇಮುಲ ಮತ್ತು ಸಂಗಡಿಗರು 2018ರಲ್ಲಿ ಒಂದು ಜೆಲ್ ಪ್ರಕಟಿಸಿದರು. ಅದು ಹೃದಯಕ್ಕಲ್ಲ, ಚರ್ಮಕ್ಕೆ. ಔಷಧಿ ಹೊಡೆಯುವ ಮೊದಲು ಮೈಗೆ ಸವರಿಕೊಂಡರೆ ಆರ್ಗನೋಫಾಸ್ಫೇಟ್ ಕೀಟನಾಶಕವನ್ನು ಚರ್ಮದ ಮೇಲೆಯೇ ನಿಷ್ಕ್ರಿಯಗೊಳಿಸುವ ಲೇಪ, ಇಲಿಗಳ ಮೇಲೆ ಕೆಲಸ ಮಾಡಿತ್ತು. ದ್ರಾಕ್ಷಿ ತೋಟದಲ್ಲಿ ಬರಿಮೈಯಲ್ಲಿ ಪಂಪು ಹೊತ್ತವರನ್ನು ನೋಡಿದ ಯಾರೋ ಒಬ್ಬರ ತಲೆಗೆ ಹೊಳೆದಂತಿದೆ ಆ ಯೋಚನೆ. ಅಂಥ ತಲೆಗಳು ಹೃದಯದ ಜೆಲ್ಲಿಗೂ ಬೇಕು. ಬಿಚ್ಚಾಣಿಕೆಯಲ್ಲಿ ತುಂಡಾದ ನೂಲು, ಬೆಲೆ ಬಾರದ ಗೂಡು ಶಿಡ್ಲಘಟ್ಟದಲ್ಲಿ ಎಷ್ಟೋ ಇದೆ. ಚಿಂತಾಮಣಿಯಲ್ಲಿ ರೇಷ್ಮೆ ಕೃಷಿ ಕಾಲೇಜೇ ಇದೆ. ಕೊಕ್ಕೆ ಇಲ್ಲದ ನಮ್ಮ ರೇಷ್ಮೆಗೆ ಕೊಕ್ಕೆ ಕೂಡಿಸುವ ಕೆಲಸ ಅಲ್ಲಿಯ ಮಕ್ಕಳ ಪ್ರಾಜೆಕ್ಟಾಗಿ ಶುರುವಾದರೂ ಸಾಕು.

ಅಲ್ಲಿಯವರೆಗೆ ಬಾಮೈದನಂಥವರು ಏನು ಮಾಡಬೇಕು? ನಮ್ಮ ಕಾನೂನು ಈ ವಿಷಯದಲ್ಲಿ ಮಂಕಾಗಿಲ್ಲ. ಐಸಿಎಂಆರ್ ಮತ್ತು ಜೈವಿಕ ತಂತ್ರಜ್ಞಾನ ಇಲಾಖೆಯ 2017ರ ಮಾರ್ಗಸೂಚಿಯ ಪ್ರಕಾರ, ರಕ್ತದ ಕಾಯಿಲೆಗಳಿಗೆ ಮಾಡುವ ಮಜ್ಜೆಯ ಕಸಿಯಂಥ ಒಪ್ಪಿತ ಚಿಕಿತ್ಸೆ ಬಿಟ್ಟರೆ ಮಿಕ್ಕೆಲ್ಲ ಕಾಂಡಕೋಶ ಬಳಕೆಯೂ ಪ್ರಯೋಗ. ಪ್ರಯೋಗಕ್ಕೆ ಅನುಮತಿ ಬೇಕು, ನೈತಿಕ ಸಮಿತಿ ಬೇಕು, ನೋಂದಣಿ ಬೇಕು, ರೋಗಿಗೆ ತಿಳಿಯುವ ಭಾಷೆಯಲ್ಲಿ ಒಪ್ಪಿಗೆ ಬೇಕು. ಮನೆಯಲ್ಲಿ ತೆಲುಗು, ಸಂತೆಯಲ್ಲಿ ಕನ್ನಡ ಆಡುವ ಮಾವನವರ ಮುಂದೆ ಇಂಗ್ಲಿಷ್ ಕಾಗದವಿಟ್ಟು ಹೆಬ್ಬೆಟ್ಟು ಒತ್ತಿಸಿಕೊಂಡರೆ ಅದು ಒಪ್ಪಿಗೆಯಲ್ಲ. ಇವೆಲ್ಲಕ್ಕಿಂತ ಸುಲಭದ ಒರೆಗಲ್ಲು ಒಂದಿದೆ. ಪ್ರಯೋಗ ಮಾಡುವವರು ಪ್ರಯೋಗದ ಮದ್ದಿಗೆ ರೋಗಿಯಿಂದ ದುಡ್ಡು ಕೇಳುವುದಿಲ್ಲ. ಮೂರೂವರೆ ಲಕ್ಷ ಎಂದು ಬಾಯಿಬಿಟ್ಟ ಕ್ಷಣವೇ ಅದು ವಿಜ್ಞಾನದ ಮನೆಯಲ್ಲ ಎಂದು ಗೊತ್ತಾಗಿಹೋಗುತ್ತದೆ.

ಇದೆಲ್ಲವನ್ನೂ ಒಂದು ಭಾನುವಾರ ಅವರ ಹಟ್ಟಿಯಲ್ಲಿ ಕೂತು ಬಾಮೈದನಿಗೆ ಹೇಳಿದೆ. ಮಾವ ಗೋಡೆಗೊರಗಿ ಕೇಳುತ್ತಿದ್ದರು. ಟಸ್ಸಾರಿನ ಮಾತು ಬಂದಾಗ ಮಾತ್ರ ಅವರ ಮುಖ ಗಂಟಾಯಿತು. ಐವತ್ತು ವರ್ಷ ಹುಳು ಸಾಕಿದವರು.

"ಕಾಡುಹುಳದ ಗೂಡಾ? ನಮ್ಮದು ಆಗಲ್ಲವಂತಾ?"

"ಕೊಕ್ಕೆ ಇಲ್ಲವಂತೆ ಮಾವ. ಸೇರಿಸಬೇಕಂತೆ."

"ಸೇರಿಸ್ಲಿ, ಯಾರು ಬೇಡಾಂದೋರು" ಎಂದು ಅವರು ಮಾತ್ರೆಯ ಡಬ್ಬಿ ತೆಗೆದರು. ಒಳಗಿನಿಂದ ಅತ್ತೆ ನೀರು ತಂದರು. ಬಾಮೈದ ಸೊಪ್ಪು ಕೊಯ್ಯಲು ರಸ್ತೆ ಪಕ್ಕದ ಅರ್ಧ ಎಕರೆ ಕಡೆಗೆ ಹೊರಟ. ಹುಳು ನಾಲ್ಕನೇ ಜ್ವರದಿಂದ ಎದ್ದಿದ್ದವು, ಹಸಿವು ಜಾಸ್ತಿ.